ಖಾಲಿ ಸ್ಟ್ರಿಪ್ ತೋರಿಸಿದರೆ ಅಲ್ಲಿ ಗುಳಿಗೆ ಸಿಗುವುದಿಲ್ಲ

ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರದಲ್ಲೂ ಔಷಧ ಅಂಗಡಿಯ ವ್ಯವಹಾರ ಹೆಚ್ಚುಕಡಿಮೆ ಒಂದೇ. ಖಾಲಿಯಾದ ಸ್ಟ್ರಿಪ್ಪನ್ನು ಕಿಸೆಯಿಂದ ತೆಗೆದು ಕೌಂಟರಿನ ಮೇಲಿಟ್ಟರೆ "ಎಷ್ಟು ದಿನಕ್ಕೆ ಕೊಡಲಿ?" ಎಂದಷ್ಟೇ ಕೇಳುತ್ತಾರೆ. ಹಳೇ ಗಿರಾಕಿಯ ಬಿಪಿ, ಶುಗರು, ಥೈರಾಯ್ಡ್ ಎಲ್ಲ ಅಂಗಡಿಯವರಿಗೆ ಬಾಯಿಪಾಠ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೋ ಮಗನ ಮನೆಗೆಂದು ದುಬೈಗೋ ಹೊರಟವರು ಇದೇ ಸ್ಟ್ರಿಪ್ಪನ್ನು ನಂಬಿಕೊಂಡು ಹೋಗುತ್ತಾರೆ. ಅಲ್ಲಿ ಅದಕ್ಕೆ ಬೆಲೆಯಿಲ್ಲ. ಇಲ್ಲಿನ ಡಾಕ್ಟರ ಚೀಟಿಗೂ ಆ ದೇಶದ ಅಂಗಡಿಯವರು ಔಷಧ ಕೊಡುವಂತಿಲ್ಲ. ಅಲ್ಲಿಯ ಪರವಾನಗಿ ಇರುವ ಡಾಕ್ಟರೇ ಹೊಸದಾಗಿ ಬರೆಯಬೇಕು. ಹಾಗಾದರೆ ಇಲ್ಲಿಂದ ಕಾಗದ ಒಯ್ಯುವುದೇಕೆ? ಅಲ್ಲಿಯ ಡಾಕ್ಟರು ಹತ್ತು ನಿಮಿಷದಲ್ಲಿ ಬರೆದುಕೊಡುತ್ತಾರೋ, ಎಲ್ಲ ಪರೀಕ್ಷೆ ಮೊದಲಿನಿಂದ ಮಾಡಿಸುತ್ತಾರೋ ಎಂಬುದು ಆ ಕಾಗದದ ಮೇಲೆಯೇ ನಿಂತಿದೆ.

ಫೈಲು ಹಿಡಿದು ಊರು ಸುತ್ತುವುದು ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಹೊಸದೇನಲ್ಲ. ಹೊನ್ನಾವರದವರು ಮಣಿಪಾಲಕ್ಕೆ, ಕಾರವಾರದವರು ಗೋವಾದ ಬಾಂಬೋಳಿಗೆ, ಶಿರಸಿಯವರು ಹುಬ್ಬಳ್ಳಿಗೆ ಓಡುವುದು ವಾಡಿಕೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಜಿಲ್ಲೆ ಕೂಗಿದ್ದು ಸುಮ್ಮನೆ ಅಲ್ಲ. ಆದರೆ ಆ ಫೈಲು ದಪ್ಪವಿರುತ್ತದೆ, ಕ್ರಮವಿರುವುದಿಲ್ಲ. ವಿದೇಶಕ್ಕೆ ಬೇಕಾದದ್ದು ಎರಡು ಹಾಳೆ, ಅದರ ಹಿಂದೆ ನಾಲ್ಕೈದು ವರದಿ.

ಹೊರಡುವುದಕ್ಕೆ ಎರಡು ತಿಂಗಳು ಮುಂಚೆ ಈ ಕೆಲಸ ಶುರುವಾಗಬೇಕು. ಮೊದಲ ಹಾಳೆ ಔಷಧ ಚೀಟಿ, ಎರಡನೆಯದು ಡಾಕ್ಟರ ಪತ್ರ. ಎರಡೂ ಇಂಗ್ಲಿಷಿನಲ್ಲಿ, ಲೆಟರ್‌ಹೆಡ್ ಮೇಲೆ, ಡಾಕ್ಟರ ನೋಂದಣಿ ಸಂಖ್ಯೆ, ಸಹಿ, ಸೀಲು, ತಾರೀಖಿನ ಜೊತೆ ಇರಬೇಕು. ರೋಗಿಯ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಬರಬೇಕು. ನಮ್ಮಲ್ಲಿ ತಪ್ಪು ಹೆಚ್ಚು ಆಗುವುದು ಇಲ್ಲೇ: ಪಾಸ್‌ಪೋರ್ಟಿನಲ್ಲಿ ಸ್ವಂತ ಹೆಸರು, ಅಪ್ಪನ ಹೆಸರು, ಹೆಗಡೆಯೋ ನಾಯ್ಕರೋ ಎಂಬುದೆಲ್ಲ ಪೂರ್ತಿ ಇರುತ್ತದೆ. ಚೀಟಿಯಲ್ಲಿ ಎರಡು ಇನಿಷಿಯಲ್ಲು, ಒಂದು ಅಡ್ಡಹೆಸರು. ಕಸ್ಟಮ್ಸಿನವರ ಕಣ್ಣಿಗೆ ಇವರಿಬ್ಬರೂ ಬೇರೆ ಬೇರೆ ಮನುಷ್ಯರು.

ಔಷಧದ ಹೆಸರು ಕಂಪನಿಯದ್ದಲ್ಲ, ಒಳಗಿನ ರಾಸಾಯನಿಕದ್ದು ಬೇಕು. ಪ್ರಮಾಣ, ಹೊತ್ತು, ಯಾವ ಕಾಯಿಲೆಗೆ ಎಂಬುದೂ ಬೇಕು. ನಮ್ಮ ಡಾಕ್ಟರುಗಳ 1-0-1 ಲೆಕ್ಕ ಹೊರಗೆ ಅರ್ಥವಾಗುವುದಿಲ್ಲ. "ಮೆಟ್‌ಫಾರ್ಮಿನ್ 500 ಮಿ.ಗ್ರಾಂ, ದಿನಕ್ಕೆ ಎರಡು ಸಲ, ಬೆಳಿಗ್ಗೆ ಮತ್ತು ರಾತ್ರಿ ಊಟದ ನಂತರ, ಟೈಪ್ 2 ಮಧುಮೇಹಕ್ಕೆ" ಎಂದು ಬಿಡಿಸಿ ಬರೆಸಬೇಕು. ಕಾರವಾರದ ಕ್ರಿಮ್ಸ್‌ನಲ್ಲೋ ಶಿರಸಿಯ ಪಂಡಿತ ಆಸ್ಪತ್ರೆಯಲ್ಲೋ ತೋರಿಸುವವರು ಓಪಿಡಿ ಗದ್ದಲದಲ್ಲಿ ಇಷ್ಟು ಬರೆದುಕೊಡಿ ಎಂದರೆ ಆಗುವ ಮಾತಲ್ಲ. ಮನೆಯಲ್ಲೇ ಟೈಪ್ ಮಾಡಿಸಿ ಒಯ್ಯಿರಿ. ಡಾಕ್ಟರು ಓದಿ, ತಿದ್ದಿ, ಲೆಟರ್‌ಹೆಡ್ಡಿಗೆ ಹಾಕಿಸಿ ಸಹಿ ಮಾಡುತ್ತಾರೆ. ಪತ್ರದಲ್ಲಿ ಕಾಯಿಲೆ ಯಾವ ವರ್ಷದಿಂದ, ಯಾವ ಆಪರೇಷನ್ ಆಗಿದೆ, ಯಾವ ಔಷಧ ಒಗ್ಗುವುದಿಲ್ಲ ಎಂಬುದು ಕಡ್ಡಾಯ. ತಾರೀಖನ್ನು ಅಂಕಿಯಲ್ಲಿ ಬರೆಯಬೇಡಿ. 05/03 ಎಂದರೆ ನಮಗೆ ಮಾರ್ಚ್ ಐದು, ಅಮೆರಿಕದವರಿಗೆ ಮೇ ಮೂರು. ಅಲ್ಲಿಯ ಔಷಧ ಅಂಗಡಿಯಲ್ಲಿ ಪ್ರತಿ ಸಲವೂ ಹುಟ್ಟಿದ ತಾರೀಖು ಕೇಳಿಯೇ ಹೆಸರು ಹುಡುಕುತ್ತಾರೆ. ಅದು ತಿರುಗುಮುರುಗಾದರೆ ಗುಳಿಗೆ ಶೆಲ್ಫಿನಲ್ಲೇ ಕೂರುತ್ತದೆ.

ಹೃದಯದ ತೊಂದರೆ ಇದ್ದವರು ಹಳೇ ಇಸಿಜಿಯ ಒಂದು ಪ್ರತಿಯನ್ನು ಮರೆಯದೆ ಒಯ್ಯಬೇಕು. ಎದೆನೋವೆಂದು ಹೋದಾಗ ಇಸಿಜಿಯಲ್ಲಿ ಕಾಣುವ ಬದಲಾವಣೆ ಇವತ್ತಿನದೋ ಐದು ವರ್ಷ ಹಳೆಯದೋ ಎಂದು ತಿಳಿಯಲು ಹೋಲಿಸಿ ನೋಡುವುದು ಸುಲಭದ ದಾರಿ. ಸ್ಟೆಂಟ್, ಪೇಸ್‌ಮೇಕರ್ ಹಾಕಿದಾಗ ಕೊಟ್ಟ ಕಾರ್ಡು ಪಾಸ್‌ಪೋರ್ಟಿನ ಜೊತೆಗೇ ಇರಲಿ.

ಇನ್ನು ಗುಳಿಗೆಯೊಳಗೆ ಏನಿದೆ ಎಂಬುದು. ನಮ್ಮಲ್ಲಿ ಎರಡು ಮೂರು ಔಷಧ ಸೇರಿಸಿ ಒಂದೇ ಗುಳಿಗೆ ಮಾಡುವ ರೂಢಿ ಬಹಳ. ಹೊರಗೆ ಅದೇ ಜೋಡಿ, ಅದೇ ಪ್ರಮಾಣದಲ್ಲಿ ಸಿಗುವ ಖಾತ್ರಿಯಿಲ್ಲ, ಬಿಡಿಬಿಡಿಯಾಗಿ ಬರೆಸಿಕೊಳ್ಳಬೇಕಾಗುತ್ತದೆ. ಕೆಲವು ಅಲ್ಲಿ ಇಲ್ಲವೇ ಇಲ್ಲ. ಶುಗರಿನ ಗ್ಲಿಕ್ಲಜೈಡ್, ವಿಲ್ಡಾಗ್ಲಿಪ್ಟಿನ್, ವೋಗ್ಲಿಬೋಸ್, ಗ್ಯಾಸ್ಟ್ರಿಕ್ ಗುಳಿಗೆಯಲ್ಲಿ ಬೆರೆತಿರುವ ಡೊಂಪೆರಿಡೋನ್, ರಕ್ತ ತೆಳುವಾಗಿಸುವ ಅಸಿನೊಕೌಮರಾಲ್, ಇವು ಯಾವುವೂ ಅಮೆರಿಕದ ಅಂಗಡಿಯಲ್ಲಿಲ್ಲ. ಕೊನೆಯದು ಅಪಾಯದ್ದು. ಅದರ ಬದಲಿಗೆ ಅಲ್ಲಿ ವಾರ್ಫರಿನ್ ಕೊಡುತ್ತಾರೆ, ಆದರೆ ಇದರ ಮಿಲಿಗ್ರಾಂ ಅದರ ಮಿಲಿಗ್ರಾಂಗೆ ಸಮವಲ್ಲ. ಬದಲಾಯಿಸಿದ ಮೇಲೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಪರೀಕ್ಷೆ) ಪದೇಪದೇ ನೋಡಿಸಬೇಕು. ಬದಲಾವಣೆ ಆಗಲೇಬೇಕೆಂದಿದ್ದರೆ ಹೊರಡುವ ಮುಂಚೆ ಇಲ್ಲಿಯ ಡಾಕ್ಟರ ಕಣ್ಣೆದುರೇ ಆಗಲಿ. ಹೆಸರು ಬೇರೆ, ಮಾಲು ಒಂದೇ ಎಂಬವೂ ಇವೆ: ನಮ್ಮ ಪ್ಯಾರಾಸಿಟಮಾಲ್ ಅಲ್ಲಿ ಅಸಿಟಮಿನೋಫೆನ್, ದಮ್ಮಿಗೆ ಕೊಡುವ ಸಾಲ್ಬುಟಮಾಲ್ ಅಲ್ಲಿ ಆಲ್ಬ್ಯುಟರಾಲ್. ಊರಿನಿಂದ ತಂದ ಡೋಲೋ 650 ನುಂಗಿ, ಅದರ ಮೇಲೆ ಅಸಿಟಮಿನೋಫೆನ್ ಇರುವ ಅಲ್ಲಿಯ ನೆಗಡಿ ಔಷಧ ಕುಡಿದರೆ ಪ್ಯಾರಾಸಿಟಮಾಲ್ ಎರಡು ಪಟ್ಟಾಗುತ್ತದೆ. ದಿನಕ್ಕೆ 4 ಗ್ರಾಂ ಮೀರಿದರೆ ಲಿವರಿಗೆ ಪೆಟ್ಟು.

ಕಸ್ಟಮ್ಸಿನವರು ತಡೆಯುವ ಔಷಧಗಳ ವಿಷಯದಲ್ಲಿ ಜನ ಹೆದರುವುದು ನಿದ್ದೆ ಗುಳಿಗೆಗೆ ಮಾತ್ರ. ಸಿಕ್ಕಿಬೀಳುವುದು ಬೇರೆ ಕಡೆ. ಕಾಲು ಉರಿ, ಜೋಮು ಎಂದವರಿಗೆ ಬರೆಯುವ "ನರದ ವಿಟಮಿನ್" ಗುಳಿಗೆಯಲ್ಲಿ ಬಹಳ ಸಲ ಮೀಥೈಲ್‌ಕೊಬಾಲಮಿನ್ ಜೊತೆ ಪ್ರೆಗಾಬಲಿನ್ ಇರುತ್ತದೆ. ಇದು ಯುಎಇ, ಸೌದಿ, ಬ್ರಿಟನ್, ಅಮೆರಿಕ ಎಲ್ಲ ಕಡೆ ನಿಯಂತ್ರಿತ ಪಟ್ಟಿಯಲ್ಲಿದೆ. ಮಂಡಿನೋವಿನ ಗುಳಿಗೆಯಲ್ಲಿ ಪ್ಯಾರಾಸಿಟಮಾಲ್ ಜೊತೆ ಟ್ರಮಡಾಲ್, ಕೆಮ್ಮಿನ ಔಷಧದಲ್ಲಿ ಕೋಡೀನ್, ಹೊಟ್ಟೆ ಉಬ್ಬರದ ಗುಳಿಗೆಯಲ್ಲಿ ಕ್ಲೋರ್‌ಡಯಜೆಪಾಕ್ಸೈಡ್ ಸೇರಿಕೊಂಡಿರಬಹುದು. ನಮ್ಮಲ್ಲಿ ನಿದ್ದೆಗೆಂದು ಧಾರಾಳವಾಗಿ ಬರೆಯುವ ಎಟಿಜೋಲಾಮ್ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಔಷಧವೇ ಅಲ್ಲ. 2023ರಲ್ಲಿ ಅದನ್ನು ಹೆರಾಯಿನ್ ಇರುವ ಪಟ್ಟಿಗೇ ಸೇರಿಸಿದರು. ಅದನ್ನು ಯಾವ ಪತ್ರವಿದ್ದರೂ ಒಯ್ಯಬೇಡಿ. ಪ್ರತಿ ಸ್ಟ್ರಿಪ್ಪಿನ ಹಿಂದಿನ ಸಣ್ಣಕ್ಷರವನ್ನು ಕನ್ನಡಕ ಹಾಕಿ ಓದಿ, ಒಂದೊಂದನ್ನೂ ಹೋಗುವ ದೇಶದ ಪಟ್ಟಿಯ ಜೊತೆ ತಾಳೆ ನೋಡುವುದೇ ಈ ಇಡೀ ತಯಾರಿಯಲ್ಲಿ ಹೆಚ್ಚು ಹೊತ್ತು ಹಿಡಿಯುವ ಕೆಲಸ. ಇದನ್ನು ಟ್ರಾವೆಲ್ ಏಜೆಂಟರಿಗೆ ಬಿಡಬೇಡಿ.

ಯುಎಇಗೆ ಹೋಗುವವರು ಇಂಥ ಗುಳಿಗೆ ಬಿಡಲಾಗದ ಸ್ಥಿತಿಯಲ್ಲಿದ್ದರೆ ಅಲ್ಲಿಯ ಸರ್ಕಾರದ ಜಾಲತಾಣದಲ್ಲಿ ಮುಂಚಿತ ಅನುಮತಿ ಪಡೆಯಬೇಕು. ಪಾಸ್‌ಪೋರ್ಟ್ ಪ್ರತಿ, ಚೀಟಿ, ಡಾಕ್ಟರ ಪತ್ರ ಹಾಕಿದರೆ ಒಪ್ಪಿಗೆ ಬರುತ್ತದೆ; ಅದನ್ನು ಮುದ್ರಿಸಿ ಕೈಯಲ್ಲಿಟ್ಟುಕೊಳ್ಳಬೇಕು. ಸೌದಿಯಲ್ಲಿ ಇದನ್ನು ನೋಡುವುದು ಅಲ್ಲಿಯ ಆಹಾರ ಮತ್ತು ಔಷಧ ಪ್ರಾಧಿಕಾರ. ಗೋವಾ, ಮಂಗಳೂರು, ಬೆಂಗಳೂರಿನಿಂದ ಹೊರಡುವ ಎಷ್ಟೋ ವಿಮಾನಗಳು ದುಬೈ, ಅಬುಧಾಬಿ ದಾಟಿಯೇ ಮುಂದೆ ಹೋಗುತ್ತವೆ. ವಿಮಾನ ನಿಲ್ದಾಣದೊಳಗೇ ವಿಮಾನ ಬದಲಿಸುವಾಗ ಸಾಮಾನ್ಯವಾಗಿ ಕಸ್ಟಮ್ಸ್ ಅಡ್ಡ ಬರುವುದಿಲ್ಲ. ಮುಂದಿನ ವಿಮಾನ ತಪ್ಪಿ ರಾತ್ರಿ ಹೋಟೆಲಿಗೆ ಕರೆದೊಯ್ದರೆ ಮಾತ್ರ ಆ ದೇಶದ ನೆಲಕ್ಕೆ ಕಾಲಿಟ್ಟ ಹಾಗೆ, ನಿಯಮ ಪೂರ್ತಿ ಅನ್ವಯ. ಅಂದಹಾಗೆ ಯುಎಇಯಲ್ಲಿ ಗಸಗಸೆಯೂ ನಿಷಿದ್ಧ. ಲಾಡು, ಮಸಾಲೆ ಪುಡಿಯಲ್ಲಿ ಬೆರೆಸಿದ್ದನ್ನೂ ಮನೆಯಲ್ಲೇ ಬಿಡಿ.

ಮನೆಯಲ್ಲಿ ಕುಟ್ಟಿದ ಕಷಾಯದ ಪುಡಿ, ಪೊಟ್ಟಣದ ಚೂರ್ಣ, ಹೆಸರಿಲ್ಲದ ಗುಳಿಗೆ ಡಬ್ಬಿ, ಇವೂ ಬೇಡ. ಲೇಬಲ್ ಇಲ್ಲದ ಪುಡಿ ಏನೆಂದು ಯಾರಿಗೂ ಸಾಬೀತು ಮಾಡಲಾಗದು. ಭಸ್ಮ ಸೇರಿದ ರಸೌಷಧಿಗಳಲ್ಲಿ ಪಾದರಸ, ಸೀಸ ಇರುವುದರಿಂದ ಅಮೆರಿಕದಲ್ಲಿ ಅವುಗಳ ಮೇಲೆ ವಿಶೇಷ ಕಣ್ಣು.

ಎಷ್ಟು ಒಯ್ಯಬಹುದು? ಅಮೆರಿಕಕ್ಕೆ ಮಾರ್ಗಸೂಚಿ ಸುಮಾರು 90 ದಿನದ್ದು, ಜರ್ಮನಿ, ಆಸ್ಟ್ರೇಲಿಯಾಕ್ಕೆ ಮೂರು ತಿಂಗಳು, ಜಪಾನಿಗೆ ಚೀಟಿ ಔಷಧ ಒಂದು ತಿಂಗಳಿನಷ್ಟು ಮಾತ್ರ, ಹೆಚ್ಚು ಬೇಕಿದ್ದರೆ ಮುಂಚಿತ ಪ್ರಮಾಣಪತ್ರ. ಅಮೆರಿಕದ ವಿಸಿಟರ್ ವೀಸಾದಲ್ಲಿ ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ, ಹಾಗಾಗಿ ಎರಡನೇ ಅರ್ಧಕ್ಕೆ ಅಲ್ಲೇ ಔಷಧ ಬರೆಸುವ ಲೆಕ್ಕ ಮೊದಲೇ ಹಾಕಿಡಬೇಕು. ಖರೀದಿಸುವಾಗ ಪೂರ್ತಿ ಸ್ಟ್ರಿಪ್ಪನ್ನೇ ಕೇಳಿ. ಕತ್ತರಿಸಿ ಕೊಟ್ಟ ತುಂಡಿನಲ್ಲಿ ಹೆಸರೋ ಎಕ್ಸ್‌ಪೈರಿಯೋ ಹಾರಿಹೋಗಿರುತ್ತದೆ. ಬಿಲ್ಲಿನಲ್ಲಿ ರೋಗಿಯ ಹೆಸರು, ಬ್ಯಾಚ್ ನಂಬರ್ ಇರಲಿ. ಮೂರು ತಿಂಗಳ ಮಾಲು ಒಮ್ಮೆಲೇ ಶಿರಸಿ, ಕುಮಟಾದ ಅಂಗಡಿಯಲ್ಲಿ ಇರುವುದಿಲ್ಲ. ಹದಿನೈದು ದಿನ ಮುಂಚೆ ಹೇಳಿದರೆ ತರಿಸಿಕೊಡುತ್ತಾರೆ. ಸೋಮವಾರ, ಮಂಗಳವಾರ ಎಂದು ಖಾನೆ ಇರುವ ಡಬ್ಬಿಗೆ ಗುಳಿಗೆ ತುಂಬುವ ಕೆಲಸ ತಲುಪಿದ ಮೇಲೆ. ಔಷಧವೆಲ್ಲ ಕೈಚೀಲದಲ್ಲಿ, ಗಂಡ ಹೆಂಡತಿ ಇಬ್ಬರೂ ಹೋಗುತ್ತಿದ್ದರೆ ಒಂದು ವಾರದ್ದು ಇನ್ನೊಬ್ಬರ ಚೀಲದಲ್ಲಿ.

ಇನ್ಸುಲಿನ್ ಚುಚ್ಚಿಕೊಳ್ಳುವವರು ಇದನ್ನು ನಿಧಾನವಾಗಿ ಓದಬೇಕು. ನಮ್ಮ ಅಂಗಡಿಗಳಲ್ಲಿ ಸಿಗುವ ಬಾಟಲಿ ಇನ್ಸುಲಿನ್ ಹೆಚ್ಚಾಗಿ ಒಂದು ಮಿಲಿಗೆ 40 ಯುನಿಟ್ಟಿನದು, ಅದರ ಸಿರಿಂಜಿಗೆ ಕೆಂಪು ಮುಚ್ಚಳ. ಹೊರದೇಶಗಳಲ್ಲಿ ಈಗ ಬಹುತೇಕ ಎಲ್ಲ ಕಡೆ ಒಂದು ಮಿಲಿಗೆ 100 ಯುನಿಟ್, ಸಿರಿಂಜಿಗೆ ಕಿತ್ತಳೆ ಮುಚ್ಚಳ. ಅಲ್ಲಿ ಕೊಂಡ 100ರ ಬಾಟಲಿಗೆ ಊರಿನ ಕೆಂಪು ಸಿರಿಂಜ್ ಚುಚ್ಚಿ 20ರ ಗೆರೆಗೆ ಎಳೆದರೆ ಬರುವುದು ಅರ್ಧ ಮಿಲಿ, ಅಂದರೆ 50 ಯುನಿಟ್. ಎರಡೂವರೆ ಪಟ್ಟು, ಮನುಷ್ಯ ಪ್ರಜ್ಞೆ ತಪ್ಪಿ ಬೀಳಲು ಅಷ್ಟು ಸಾಕು. ತಿರುಗಿಸಿ, ಊರಿನ 40ರ ಬಾಟಲಿಗೆ ಅಲ್ಲಿಯ ಕಿತ್ತಳೆ ಸಿರಿಂಜ್ ಹಾಕಿ 20ಕ್ಕೆ ಎಳೆದರೆ ಸಿಗುವುದು 8 ಯುನಿಟ್ ಮಾತ್ರ, ಶುಗರು ಏರುತ್ತಲೇ ಹೋಗುತ್ತದೆ. ಬಾಟಲಿ ಯಾವುದೋ ಸಿರಿಂಜೂ ಅದರದ್ದೇ ಆಗಬೇಕು. ಪೆನ್ನು ಬಳಸುವವರಿಗೆ ಈ ಗೋಜು ಇಲ್ಲ, ನಮ್ಮಲ್ಲೂ ಪೆನ್ ಕಾರ್ಟ್ರಿಜ್ ಸಾಮಾನ್ಯವಾಗಿ 100ರದೇ. ಹಾಗಾಗಿ ದೂರ ಹೋಗುವವರು ಒಂದೆರಡು ತಿಂಗಳು ಮುಂಚೆ ಡಾಕ್ಟರನ್ನು ಕೇಳಿ ಪೆನ್ನಿಗೆ ಬದಲಾಗಿ, ಇಲ್ಲೇ ಕೈ ಕೂರಿಸಿಕೊಳ್ಳುವುದು ಒಳ್ಳೆಯದು.

ಇನ್ಸುಲಿನ್ ಚೆಕ್-ಇನ್ ಲಗೇಜಿಗೆ ಹೋಗಕೂಡದು. ಲಗೇಜು ಕೋಣೆಯಲ್ಲಿ ಹೆಪ್ಪುಗಟ್ಟಬಹುದು, ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ ನೋಡಲು ಚೆನ್ನಾಗಿದ್ದರೂ ಕೆಲಸ ಮಾಡುವುದಿಲ್ಲ. ಏಪ್ರಿಲ್, ಮೇ ಬಿಸಿಲಲ್ಲಿ ದೇವಿಮನೆ ಘಟ್ಟ ಇಳಿದು ಗೋವಾ ವಿಮಾನ ನಿಲ್ದಾಣ ಸೇರುವ ಹೊತ್ತಿಗೆ ಮುಚ್ಚಿದ ಕಾರಿನಲ್ಲಿ ಬಾಟಲಿ ಕಾದುಹೋಗಿರುತ್ತದೆ. ಐಸ್ ಪ್ಯಾಕನ್ನು ಬಟ್ಟೆಯಲ್ಲಿ ಸುತ್ತಿ, ಬಾಟಲಿಗೆ ತಾಗದಂತೆ ಬಾಯಗಲದ ಫ್ಲಾಸ್ಕಿನಲ್ಲಿಟ್ಟರೆ ಆಯಿತು. ತೆರೆಯದ ಬಾಟಲಿಗೆ 2ರಿಂದ 8 ಡಿಗ್ರಿ ಬೇಕು. ತೆರೆದದ್ದು ತಂಪು ಕೋಣೆಯಲ್ಲಿ ಸುಮಾರು ನಾಲ್ಕು ವಾರ ತಾಳುತ್ತದೆ. ಭದ್ರತಾ ತಪಾಸಣೆಯಲ್ಲಿ 100 ಮಿಲಿ ದ್ರವದ ಮಿತಿ ಔಷಧಕ್ಕಿಲ್ಲ, ಆದರೆ ಬೇರೆ ತೆಗೆದು ತೋರಿಸಬೇಕು. ಸೂಜಿಯ ಉಲ್ಲೇಖ ಡಾಕ್ಟರ ಪತ್ರದಲ್ಲಿರಲಿ.

ಹೊತ್ತಿನ ಲೆಕ್ಕ: ದಿನಕ್ಕೊಂದು ಬಿಪಿ, ಥೈರಾಯ್ಡ್ ಗುಳಿಗೆ ಕೆಲವು ತಾಸು ಹಿಂದೆ ಮುಂದೆ ಆದರೆ ನಡೆಯುತ್ತದೆ. ಇಳಿದ ಮೇಲೆ ಅಲ್ಲಿಯ ಬೆಳಗಿಗೆ ಹೊಂದಿಸಿಕೊಳ್ಳಿ, ಒಂದೇ ದಿನ ಎರಡು ನುಂಗಬೇಡಿ. ಇನ್ಸುಲಿನ್, ಫಿಟ್ಸ್, ರಕ್ತ ತೆಳುವಿನ ಔಷಧಕ್ಕೆ ಮಾತ್ರ ವಿಮಾನದ ವೇಳಾಪಟ್ಟಿಯನ್ನೇ ಡಾಕ್ಟರಿಗೆ ತೋರಿಸಿ ಬರೆಸಿಕೊಳ್ಳಬೇಕು. ಅಮೆರಿಕದ ಕಡೆ ಹಾರುವಾಗ ದಿನ ಉದ್ದವಾಗುತ್ತದೆ, ಮರಳುವಾಗ ಮೊಟಕು.

ಈಗ ಅಲ್ಲಿ ಔಷಧ ಮುಗಿದಾಗ. ಅಮೆರಿಕದಲ್ಲಿ ಬರೀ ಗುಳಿಗೆಗಾಗಿ ಎಮರ್ಜೆನ್ಸಿ ರೂಮಿಗೆ ಹೋಗುವುದು ದುಡ್ಡು ಸುಡುವ ಕೆಲಸ. ಅರ್ಜೆಂಟ್ ಕೇರ್ ಎಂಬ ಕ್ಲಿನಿಕ್ಕುಗಳಿವೆ, ಅಪಾಯಿಂಟ್‌ಮೆಂಟ್ ಇಲ್ಲದೆಯೂ ನೋಡುತ್ತಾರೆ. ಆದರೆ ಕೆಲವು ಕಡೆ ಬಿಪಿ, ಶುಗರಿನಂಥ ಕಾಯಂ ಕಾಯಿಲೆಗೆ ಬರೆಯಲು ಒಪ್ಪುವುದಿಲ್ಲ, ಫೋನಿನಲ್ಲಿ ಮೊದಲೇ ಕೇಳಿ. ವಿಮೆ ಇಲ್ಲ ಎಂದು ಹೇಳಿ ಶುಲ್ಕವನ್ನೂ ಅಂದಾಜು ಕೇಳಬೇಕು. 2022ರಿಂದ ವಿಮೆಯಿಲ್ಲದವರಿಗೆ ಮುಂಗಡ ಅಂದಾಜು ಕೊಡುವುದು ಕಾನೂನು. ಊರಿನ ಎರಡು ಹಾಳೆ, ಇತ್ತೀಚಿನ ಎಚ್‌ಬಿಎ1ಸಿ (ಮೂರು ತಿಂಗಳ ಶುಗರಿನ ಸರಾಸರಿ), ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ) ವರದಿ ಮುಂದಿಟ್ಟರೆ ಕೆಲಸ ಹಗುರ. ಔಷಧ ಯಾವ ಅಂಗಡಿಗೆ ಕಳಿಸಲಿ ಎಂದು ಡಾಕ್ಟರು ಕೇಳುತ್ತಾರೆ, ಏಕೆಂದರೆ ಚೀಟಿ ಹೆಚ್ಚಾಗಿ ಕೈಗೆ ಬರುವುದಿಲ್ಲ, ಕಂಪ್ಯೂಟರಿನಲ್ಲೇ ಅಂಗಡಿಗೆ ಹೋಗುತ್ತದೆ. ಅಂಗಡಿ ಮೊದಲೇ ಗೊತ್ತು ಮಾಡಿಟ್ಟುಕೊಂಡಿರಿ, ಬೆಲೆ ಅಂಗಡಿಯಿಂದ ಅಂಗಡಿಗೆ ಅಜಗಜಾಂತರ. ವಾಲ್‌ಮಾರ್ಟ್‌ನಲ್ಲಿ ಮೆಟ್‌ಫಾರ್ಮಿನ್, ಲಿಸಿನೋಪ್ರಿಲ್‌ನಂಥ ಸಾಮಾನ್ಯ ಗುಳಿಗೆಗಳು ವಿಮೆ ಇಲ್ಲದೆಯೂ ತಿಂಗಳಿಗೆ 4 ಡಾಲರ್, ಮೂರು ತಿಂಗಳಿಗೆ 10 ಡಾಲರಿನ ಪಟ್ಟಿಯಲ್ಲಿವೆ. 90 ದಿನಕ್ಕೇ ಬರೆಯಿರಿ, ಜೆನರಿಕ್ ಸಾಕು ಎಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಮೂವತ್ತು ದಿನಕ್ಕೆ ಬರೆದಾರು. ಸಿಗುವುದು ಸ್ಟ್ರಿಪ್ ಅಲ್ಲ, ಕಿತ್ತಳೆ ಬಣ್ಣದ ಡಬ್ಬಿಯಲ್ಲಿ ಬಿಡಿ ಗುಳಿಗೆ. ಮತ್ತೆ ಎಷ್ಟು ಸಲ ತುಂಬಿಸಿಕೊಳ್ಳಬಹುದು ಎಂಬುದು ಅದರ ಲೇಬಲ್ಲಿನ ಮೇಲೇ ಇರುತ್ತದೆ.

ಊರಿನಿಂದ ಕೊರಿಯರ್ ಮಾಡಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಕೈಯಲ್ಲಿ ಒಯ್ಯಲು ಬಿಟ್ಟದ್ದನ್ನು ಅಂಚೆಯಲ್ಲಿ ಬಿಡದ ದೇಶಗಳಿವೆ, ಜರ್ಮನಿ ಅವುಗಳಲ್ಲೊಂದು. ಅಲ್ಲಿ ಪ್ಯಾರಾಸಿಟಮಾಲ್ ಕೂಡ ಕೆಂಪು "ಎ" ಗುರುತಿನ ಔಷಧ ಅಂಗಡಿಯಲ್ಲಲ್ಲದೆ ಬೇರೆಲ್ಲೂ ಸಿಗದು. ಭಾನುವಾರ ಅಂಗಡಿ ಬಂದ್, ಪಾಳಿಯ ಮೇಲೆ ತೆರೆದಿರುವ ಅಂಗಡಿಯ ವಿಳಾಸ ಬಾಗಿಲಲ್ಲಿ ಅಂಟಿಸಿರುತ್ತಾರೆ. ತುರ್ತಲ್ಲದ ಕಾಯಿಲೆಗೆ ರಾತ್ರಿ ಡಾಕ್ಟರು ಬೇಕಾದರೆ 116117, ಜೀವಕ್ಕೆ ಬಂದರೆ 112. ಬ್ರಿಟನ್ನಿನಲ್ಲಿ ಸಲಹೆಗೆ 111, ತುರ್ತಿಗೆ 999. ಆಂಬುಲೆನ್ಸಿಗೆ ಯುಎಇಯಲ್ಲಿ 998, ಸೌದಿಯಲ್ಲಿ 997, ಅಮೆರಿಕದಲ್ಲಿ 911. ಅಮೆರಿಕದ ಎಮರ್ಜೆನ್ಸಿಯಲ್ಲಿ ದುಡ್ಡಿಲ್ಲವೆಂದು ಬಾಗಿಲಿಂದ ಕಳಿಸುವಂತಿಲ್ಲ, 1986ರ ಕಾನೂನು ಅದನ್ನು ತಡೆಯುತ್ತದೆ. ಆದರೆ ಬಿಲ್ಲು ಬರುತ್ತದೆ, ಆಸ್ಪತ್ರೆಯದ್ದು ಬೇರೆ, ಡಾಕ್ಟರದ್ದು ಬೇರೆ, ತಿಂಗಳುಗಳ ಮೇಲೆ.

ನಮ್ಮ ಕಡೆಯವರಿಗಷ್ಟೇ ಬೇಕಾದ ಮಾತೊಂದಿದೆ. ಸಿದ್ದಾಪುರ, ಶಿರಸಿ, ಹೊನ್ನಾವರ, ಜೊಯಿಡಾದ ಕಾಡಂಚಿನಿಂದ ಬೇಸಿಗೆಯಲ್ಲಿ ಹೊರಟು, ಇಳಿದ ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಂಗನ ಕಾಯಿಲೆಯ ಹೆಸರನ್ನು ಅಲ್ಲಿಯ ಡಾಕ್ಟರಿಗೆ ನೀವೇ ಹೇಳಬೇಕು. ಉಣ್ಣಿ ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಜ್ವರ ಏಳುತ್ತದೆ, ಅಷ್ಟರಲ್ಲಿ ಮನುಷ್ಯ ಇನ್ನೊಂದು ಖಂಡದಲ್ಲಿರುತ್ತಾನೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆಯಿದು, ಹೊರಗಿನ ಡಾಕ್ಟರಿಗೆ ತಾನಾಗಿ ಹೊಳೆಯುವುದು ಕಷ್ಟ. "ಕ್ಯಾಸನೂರ್ ಫಾರೆಸ್ಟ್ ಡಿಸೀಸ್" ಎಂಬ ಹೆಸರು, ಕಾಡು ಅಥವಾ ತೋಟಕ್ಕೆ ಹೋದ ತಾರೀಖು, ಲಸಿಕೆ ತೆಗೆದುಕೊಂಡಿದ್ದರೆ ಅದು, ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದು ಕೊಡಿ. ಮಳೆಗಾಲದಲ್ಲಿ ಗದ್ದೆಗಿಳಿದು ಬಂದವರು ಇಲಿಜ್ವರವನ್ನೂ, ಯಾರೇ ಆದರೂ ಡೆಂಗಿ, ಮಲೇರಿಯಾವನ್ನೂ ಹೇಳಬೇಕು. ಯಾವ ಜ್ವರವೆಂದು ತಿಳಿಯುವವರೆಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮುಟ್ಟಬೇಡಿ, ರಕ್ತಸ್ರಾವದ ಭಯವಿದೆ.

ಹಡಗಿನವರ ದಾರಿ ಬೇರೆ. ಕಾರವಾರ, ಅಂಕೋಲಾದಿಂದ ಹಡಗು ಹತ್ತುವವರು ಬಿಪಿ, ಶುಗರಿನ ಗುಳಿಗೆಯನ್ನು ಮೆಡಿಕಲ್ ಪರೀಕ್ಷೆಯಲ್ಲಿ ಮುಚ್ಚಿಟ್ಟರೆ ಮುಂದೆ ಚಿಕಿತ್ಸೆಯ ಖರ್ಚಿನ ವಿಷಯದಲ್ಲಿ ತಕರಾರು ಏಳುತ್ತದೆ. 2006ರ ಕಡಲ ಕಾರ್ಮಿಕ ಒಪ್ಪಂದದ ಪ್ರಕಾರ ಬಂದರಿನಲ್ಲಿ ಸಾಧ್ಯವಿದ್ದಾಗಲೆಲ್ಲ ಡಾಕ್ಟರನ್ನು ಕಾಣುವ ಹಕ್ಕು ನಾವಿಕನಿಗಿದೆ, ಖರ್ಚು ಅವನ ಮೇಲಿಲ್ಲ. ಕ್ಯಾಪ್ಟನ್ನರಿಗೆ ಹೇಳಿದರೆ ಬಂದರಿನ ಏಜೆಂಟರು ಏರ್ಪಾಡು ಮಾಡುತ್ತಾರೆ. ಆಫ್ರಿಕಾದ ಹಲವು ಬಂದರುಗಳಿಗೆ ಹಳದಿ ಜ್ವರದ ಲಸಿಕೆ ಬೇಕು. ನಮಗೆ ಹತ್ತಿರದ ಕೇಂದ್ರ ಗೋವಾದ ಮುರಗಾಂವ್ ಬಂದರು ಆರೋಗ್ಯ ಕಚೇರಿ. ಪ್ರಮಾಣಪತ್ರ ಹಾಕಿಸಿದ ಹತ್ತು ದಿನದ ಮೇಲೆ ಊರ್ಜಿತ, ಆಮೇಲೆ ಜೀವನಪರ್ಯಂತ.

ವಿಮೆ ಕೊನೆಗೆ, ಆದರೆ ಕೊಳ್ಳುವುದು ಮೊದಲೇ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋದ್ದು ಕಡ್ಡಾಯ. ಪಾಲಿಸಿಯಲ್ಲಿ ಹಳೇ ಕಾಯಿಲೆಯ ಸಾಲನ್ನು ಹುಡುಕಿ ಓದಿ: ಹೆಚ್ಚಿನವು ಅದನ್ನು ಹೊರಗಿಡುತ್ತವೆ, ಕೆಲವು ಜೀವಕ್ಕೆ ಅಪಾಯವಾದಾಗ ಮಾತ್ರ ಕೊಡುತ್ತವೆ. ಖಾಲಿಯಾದ ಗುಳಿಗೆ ಬರೆಸಿಕೊಂಡ ಖರ್ಚು ಯಾವುದರಲ್ಲೂ ಸಿಗುವುದಿಲ್ಲ ಎಂದೇ ಹಿಡಿಯಿರಿ. ದಾಖಲಾಗುವ ಮುಂಚೆ, ಆಗದಿದ್ದರೆ ಮೊದಲ ದಿನವೇ, ಪಾಲಿಸಿಯ ಮೇಲಿರುವ ಸಹಾಯವಾಣಿಗೆ ಫೋನು ಮಾಡಿ ಪ್ರಕರಣ ಸಂಖ್ಯೆ ಪಡೆಯಬೇಕು. ಕ್ಲೇಮಿಗೆ ಬೇಕಾದದ್ದು: ಡಿಸ್ಚಾರ್ಜ್ ಸಾರಾಂಶ, ಬಾಬತ್ತು ಬಿಡಿಸಿದ ಬಿಲ್ಲು, ಹಣ ಕಟ್ಟಿದ ರಸೀದಿ, ಔಷಧ ಚೀಟಿಯ ಪ್ರತಿ, ಪಾಸ್‌ಪೋರ್ಟಿನಲ್ಲಿ ಹೋಗಿ ಬಂದ ಮುದ್ರೆಯ ಪುಟ. ಪಾಸ್‌ಪೋರ್ಟಿನ ಪುಟ ಬಿಟ್ಟು ಉಳಿದದ್ದರಲ್ಲಿ ಸಿಗುವಷ್ಟನ್ನೂ ಆಸ್ಪತ್ರೆ ಬಿಡುವ ದಿನವೇ ಕೇಳಿ ಪಡೆಯಬೇಕು. ಊರಿಗೆ ಬಂದ ಮೇಲೆ ಅಲ್ಲಿಯ ರೆಕಾರ್ಡ್ ವಿಭಾಗಕ್ಕೆ ಇಮೇಲ್ ಬರೆದು ಕಾಯತೊಡಗಿದರೆ ಕ್ಲೇಮಿನ ಗಡುವು ಅಷ್ಟರಲ್ಲಿ ದಾಟಿರುತ್ತದೆ.